6 ವೋಲ್ಟ್ ಹಳೆ ಕಾರಿಗೆ ಎ.ಸಿ.: ಡೈನಮೋ ಮುಟ್ಟದೆ ಕೂಡಿಸುವ ಬಗೆ

ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸಿ ಹೊರಬಿಟ್ಟ ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳ ಮೈಕಟ್ಟು ಬಲ್ಲವರಿಗೆ ಗೊತ್ತು: ಆರು ಸಿಲಿಂಡರಿನ ಫ್ಲ್ಯಾಟ್‌ಹೆಡ್ ಎಂಜಿನ್, ಸ್ಟೀರಿಂಗ್ ಕಂಬಕ್ಕೆ ಅಂಟಿದ ಗೇರು, 6 ವೋಲ್ಟ್ ಬ್ಯಾಟರಿ, ಅದರ ಪ್ಲಸ್ ತುದಿ ಗಾಡಿಯ ಲೋಹದ ಬಾಡಿಗೆ ಜೋಡಿಸಿದ್ದು (ಇದೇ ‘ಪಾಸಿಟಿವ್ ಅರ್ತ್’). ಇಂಥ ಗಾಡಿಗೆ ಎ.ಸಿ. ಹಾಕಿಸಲು ಹೊರಟವರು ಮೊದಲು ಕೇಳುವ ಮಾತು ‘6 ವೋಲ್ಟಲ್ಲಿ ಓಡುತ್ತಾ?’ ಎಂದು. ಓಡಿಸಬಹುದು, ಅದು ಸುಲಭದ ಭಾಗ. ಕಷ್ಟವಿರುವುದು ಬಿಸಿಯಲ್ಲಿ. ಕೆಳಗಿನ ವಿವರ 1955ಕ್ಕಿಂತ ಹಿಂದಿನ 6 ವೋಲ್ಟ್ ಪಾಸಿಟಿವ್ ಅರ್ತಿನ ಡಾಡ್ಜ್–ಪ್ಲಿಮತ್ ಗಾಡಿಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಅದೇ ಕಾಲದ ಶೆವರ್ಲೆಗಳಲ್ಲಿ ಮೈನಸ್ ತುದಿ ಬಾಡಿಗಿರುತ್ತದೆ. ವ್ಯತ್ಯಾಸ ಬರುವ ಕಡೆ ಹೇಳಿದ್ದೇವೆ.

ಮೊದಲು ಕರೆಂಟಿನ ಲೆಕ್ಕ

ಎ.ಸಿ.ಗೆ ಕರೆಂಟು ಬೇಕಾಗುವುದು ಮೂರು ಕಡೆ. ಒಳಗಿನ ಬ್ಲೋಯರ್ ಜೋರಾಗಿ ತಿರುಗುವಾಗ 12 ವೋಲ್ಟಿನಲ್ಲಿ ಸುಮಾರು 12 ಆಂಪ್, ಬಿಸಿ ಹೊರಹಾಕುವ ಕಂಡೆನ್ಸರಿನ ಫ್ಯಾನಿಗೆ 10, ಗ್ಯಾಸ್ ಒತ್ತುವ ಕಂಪ್ರೆಸರನ್ನು ಬೆಲ್ಟಿಗೆ ಕೂಡಿಸಿ ಬಿಡಿಸುವ ಕ್ಲಚ್ಚಿಗೆ 4. ಒಟ್ಟು 26 ಆಂಪ್, ಅಂದರೆ 330 ವ್ಯಾಟಿನ ಆಸುಪಾಸು. ಇದನ್ನೇ 6 ವೋಲ್ಟಿನಿಂದ ಎಳೆದರೆ 50 ಆಂಪ್ ದಾಟುತ್ತದೆ. ಬ್ಯಾಟರಿಗೆ ಚಾರ್ಜ್ ಕೊಡುವ ಗಾಡಿಯ ಡೈನಮೋ ಹೊಸದಿದ್ದಾಗಲೇ 35ರಿಂದ 45 ಆಂಪ್ ಕೊಡುತ್ತಿದ್ದದ್ದು, ಅದೂ ಗಾಡಿ ಓಡುವಾಗ. ಐಡ್ಲಿಂಗಿನಲ್ಲಿ ಕಟೌಟ್ (ಡೈನಮೋ ಮತ್ತು ಬ್ಯಾಟರಿ ನಡುವಿನ ತಾನಾಗಿ ತೆರೆಯುವ ಸ್ವಿಚ್) ತೆರೆದುಕೊಂಡು ಡೈನಮೋ ಸುಮ್ಮನೆ ತಿರುಗುತ್ತಿರುತ್ತದೆ. ಎ.ಸಿ. ಹೆಚ್ಚು ಬೇಕಾಗುವುದು ಸಿಗ್ನಲ್ಲಿನಲ್ಲಿ ನಿಂತಾಗ, ಡೈನಮೋ ಏನೂ ಕೊಡದಿರುವುದೂ ಆಗಲೇ.

ಈ ಗಂಟು ಹೊಸದೇನಲ್ಲ. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಗೆ ಎ.ಸಿ. ಕೊಟ್ಟಾಗ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಬೇಡವಾದಾಗ ಎಂಜಿನ್ ನಿಲ್ಲಿಸಿ ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಬೇಕಿತ್ತು. ಕ್ಯಾಡಿಲಾಕ್ ಎ.ಸಿ.ಯನ್ನು ಮತ್ತೆ ತಂದದ್ದು 1953ರಲ್ಲಿ, ಅದರ ಕಾರುಗಳು 12 ವೋಲ್ಟಿಗೆ ಬದಲಾದದ್ದೂ ಅದೇ ವರ್ಷ.

ಮುಂದಿರುವ ದಾರಿ ಮೂರು. ಇಡೀ ಗಾಡಿಯನ್ನು 12 ವೋಲ್ಟಿಗೆ ಬದಲಿಸುವುದು ಒಂದು. ಆಗ ಬಲ್ಬು, ಹಾರ್ನು, ವೈಪರ್, ಕಾಯಿಲ್, ಪೆಟ್ರೋಲ್ ಮೀಟರು ಎಲ್ಲಕ್ಕೂ ಕೈಹಾಕಬೇಕು. 6ರಿಂದ 12ಕ್ಕೆ ಏರಿಸುವ ಕನ್ವರ್ಟರ್ ಎರಡನೆಯದು. ಅದು ರೇಡಿಯೋಗೆ ಸರಿ, ಇಲ್ಲಿ ಡೈನಮೋ ಮೇಲೆಯೇ ಆ 50 ಆಂಪ್ ಬೀಳುವುದರಿಂದ ಉಪಯೋಗವಿಲ್ಲ. ಮೂರನೆಯದು ನಮ್ಮ ಆಯ್ಕೆ: ಹಳೆಯ 6 ವೋಲ್ಟನ್ನು ಮುಟ್ಟದೆ ಹಾಗೇ ಬಿಟ್ಟು, ಎ.ಸಿ.ಗೆಂದೇ ಬೇರೆ 12 ವೋಲ್ಟ್ ಆಲ್ಟರ್ನೇಟರ್, ಬೇರೆ ಬ್ಯಾಟರಿ, ಬೇರೆ ವೈರಿಂಗ್ ಕೂಡಿಸುವುದು. 8 ವೋಲ್ಟ್ ಬ್ಯಾಟರಿ ಹಾಕಿ ಸರಿದೂಗಿಸಿ ಎನ್ನುವವರೂ ಸಿಗುತ್ತಾರೆ. ಅದರಿಂದ ಹಳೆಯ ಬಲ್ಬುಗಳು ಸುಡುತ್ತವೆ, ಎ.ಸಿ. ಮಾತ್ರ ನಡೆಯುವುದಿಲ್ಲ.

ಮೂರನೆಯ ದಾರಿಗೆ ಇನ್ನೊಂದು ಅನುಕೂಲವಿದೆ. 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಕೊಡುವ 2021ರ ಕೇಂದ್ರ ನಿಯಮ, ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಇರಬಾರದು ಎನ್ನುತ್ತದೆ. ಹಾಗಾಗಿ ಹೊಸ ತೂತು ಕೊರೆಯದೆ, ವೆಲ್ಡಿಂಗ್ ಮಾಡದೆ, ನಾಳೆ ಬೋಲ್ಟು ಬಿಚ್ಚಿದರೆ ಗಾಡಿ ಮೊದಲಿನಂತಾಗುವ ಹಾಗೆ ಎಲ್ಲವನ್ನೂ ಕೂಡಿಸಿ.

ಎ.ಸಿ. ಸಾಮಾನು ಕೊಳ್ಳುವ ಮೊದಲು ನೀರಿನ ದಾರಿ

ರೇಡಿಯೇಟರಿನ ಮುಂದೆ ಕಂಡೆನ್ಸರ್ ನಿಲ್ಲಿಸಿದರೆ ರೇಡಿಯೇಟರಿಗೆ ಸಿಗುವುದು ಆಗಲೇ ಬಿಸಿಯಾದ ಗಾಳಿ. ಒಳಗಿಂದ ಎಳೆದ ಬಿಸಿಯ ಜೊತೆಗೆ ಕಂಪ್ರೆಸರ್ ತಿಂದ ಶಕ್ತಿಯೂ ಅಲ್ಲಿಯೇ ಹೊರಬೀಳುತ್ತದೆ. ಈ ಕಾಲದ ರೇಡಿಯೇಟರುಗಳ ಮುಚ್ಚಳ ಹಿಡಿಯುವ ಒತ್ತಡ ಅಷ್ಟಕ್ಕಷ್ಟೆ, ಕೆಲವಕ್ಕೆ ಒತ್ತಡವೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ ತಡೆದುಕೊಂಡ ಗಾಡಿ ಇಲ್ಲಿ ಉಕ್ಕಿದರೆ ಬೆರಗಾಗಬೇಕಿಲ್ಲ.

ಕ್ರೈಸ್ಲರ್ ಬಳಗದ ಫ್ಲ್ಯಾಟ್‌ಹೆಡ್ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಕಣ್ಣಿಗೆ ಕಾಣದ ಒಂದು ಭಾಗವಿದೆ. ವಾಟರ್ ಪಂಪಿನ ಹಿಂದಿನಿಂದ ಬ್ಲಾಕಿನ ಉದ್ದಕ್ಕೂ ತಗಡಿನ ಚಪ್ಪಟೆ ಕೊಳವೆಯೊಂದು ಹೋಗುತ್ತದೆ, ಅದರ ತೂತುಗಳ ಮೂಲಕವೇ ವಾಲ್ವುಗಳ ಸುತ್ತ ತಣ್ಣೀರು ಹಂಚಿಕೆಯಾಗಬೇಕು. ಅದು ತುಕ್ಕು ತಿಂದು ಮುಂದುಗಡೆಯೇ ಬಾಯಿ ಬಿಟ್ಟರೆ ನೀರೆಲ್ಲ ಮುಂದಿನ ಸಿಲಿಂಡರುಗಳಿಗೆ ಸುರಿದು ಹಿಂದಿನವು ಕಾಯುತ್ತವೆ. ಮೀಟರಿನ ಮುಳ್ಳು ಸರಿಯಾಗಿಯೇ ಇರುತ್ತದೆ, ಹಿಂದಿನ ವಾಲ್ವ್ ಸೀಟು ಬಿರಿಯುತ್ತದೆ. ಎ.ಸಿ. ಹಾಕುವ ಮುನ್ನ ರೇಡಿಯೇಟರ್, ವಾಟರ್ ಪಂಪ್ ಇಳಿಸಿ ಈ ಕೊಳವೆಯನ್ನು ಎಳೆದು ಬದಲಿಸಿ. ತುಕ್ಕಿನಿಂದ ಊದಿಕೊಂಡು ಅಂಟಿರುತ್ತದೆ. ಕೊಕ್ಕೆ ಹಾಕಿ ನಿಧಾನ ಎಳೆಯಿರಿ, ತುಂಡಾದರೆ ಅರ್ಧ ದಿನ ಹೋಗುತ್ತದೆ. ಅದೇ ಹೊತ್ತಿಗೆ ಬ್ಲಾಕಿನ ಬದಿಯ ಮುಚ್ಚಳಗಳನ್ನು ಬಿಚ್ಚಿ ತಳದ ಕೆಸರು ತೊಳೆಯಿರಿ, ರೇಡಿಯೇಟರಿನ ಟ್ಯಾಂಕು ಬಿಚ್ಚಿಸಿ ಕೊಳವೆಗಳಲ್ಲಿ ಸರಳು ಹಾಯಿಸಿ.

ಎ.ಸಿ. ಇಲ್ಲದೆ ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ 20 ನಿಮಿಷ ಐಡ್ಲಿಂಗಿನಲ್ಲಿ ನಿಂತು ಮುಳ್ಳು ಏರದಿದ್ದರೆ ಮುಂದುವರಿಯಿರಿ. ಏರಿದರೆ ಎ.ಸಿ. ಮಾತು ಅಲ್ಲಿಗೇ ನಿಲ್ಲಲಿ. 1952ರವರೆಗಿನ ಶೆವರ್ಲೆ ಕಾರುಗಳ 216 ಎಂಜಿನ್ನಿನ ವಿಷಯದಲ್ಲಿ ಇನ್ನೂ ಬಿಗಿ ಮಾತು: ಅದರ ಕನೆಕ್ಟಿಂಗ್ ರಾಡುಗಳಿಗೆ ಎಣ್ಣೆ ಸಿಗುವುದು ಚಮಚದಂಥ ಡಿಪ್ಪರುಗಳಿಂದ, ಬೇರಿಂಗು ಬ್ಯಾಬಿಟ್ ಎಂಬ ಮೆತ್ತನೆ ಲೋಹದ ಎರಕದ್ದು. ಅದಕ್ಕೆ ಸಣ್ಣ ಕಂಪ್ರೆಸರ್ ಹಾಕಿ, ಘಾಟಿ ಹತ್ತುವಾಗ ಎ.ಸಿ. ಆರಿಸಿ.

ಪುಲ್ಲಿಯ ಲೆಕ್ಕ

ಈ ಎಂಜಿನ್ನುಗಳ ಐಡ್ಲಿಂಗ್ ನಿಮಿಷಕ್ಕೆ 500 ಸುತ್ತಿನ ಆಸುಪಾಸು, ಮೇಲಕ್ಕೆ 3600 ದಾಟುವುದು ಅಪರೂಪ. ಹೊಸ ಕಾರಿನ ಪುಲ್ಲಿಯ ಅಳತೆ ತಂದು ಇಲ್ಲಿ ಕೂರಿಸಿದರೆ ನಿಂತಾಗ ಕಂಪ್ರೆಸರ್ ತಿರುಗಿದ್ದೂ ಒಂದೇ ತಿರುಗದಿದ್ದೂ ಒಂದೇ. ಮೇಲಿನ ಮಿತಿ ಕಡಿಮೆಯಿರುವುದರಿಂದ ಕ್ರ್ಯಾಂಕಿನ ಪುಲ್ಲಿಯನ್ನು ದೊಡ್ಡದು ಮಾಡಲು ಜಾಗವಿದೆ. ಸ್ಯಾಂಡೆನ್ 508 ಕಂಪ್ರೆಸರ್ 138 ಸಿಸಿಯದು, ಈ ಗಾತ್ರದ ಸೆಡಾನಿಗೆ ಸಾಕು. ಅದಕ್ಕೆ 125 ಮಿ.ಮೀ. ಪುಲ್ಲಿ, ಕ್ರ್ಯಾಂಕಿಗೆ 180 ಮಿ.ಮೀ. ಪುಲ್ಲಿ ಇಟ್ಟರೆ ಪ್ರಮಾಣ 1.44. ಎಂಜಿನ್ 700ರಲ್ಲಿರುವಾಗ ಕಂಪ್ರೆಸರ್ ಸಾವಿರದಲ್ಲಿ, 3600ರಲ್ಲಿರುವಾಗ 5200ರ ಒಳಗೆ. ಶೆವರ್ಲೆ 216ಕ್ಕೆ 87 ಸಿಸಿಯ 505 ಸಾಕು.

ಹಳೆಯ ಫ್ಯಾನ್ ಬೆಲ್ಟಿನ ಮೇಲೆ ಹೊಸ ಭಾರ ಹೊರಿಸಬೇಡಿ. ಅದು ನೀರಿನ ಪಂಪನ್ನೂ ತಿರುಗಿಸುತ್ತದೆ. ಕಂಪ್ರೆಸರ್ ಜಾಮಾಗಿ ಬೆಲ್ಟ್ ಹರಿದರೆ ಎಂಜಿನ್ನೂ ಹೋದೀತು. ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಲೇತಿನಲ್ಲಿ ಮಾಡಿಸಿದ ಎರಡನೇ ಪುಲ್ಲಿಯನ್ನು ಬೋಲ್ಟ್ ಮಾಡಿ. ಮಧ್ಯದಲ್ಲಿ ಕೈಹ್ಯಾಂಡಲ್ಲಿನ ನಟ್ಟಿಗೆ ದಾರಿ ಬಿಡಿ. ಪುಲ್ಲಿ ಮಾಡಿಸುವ ಮೊದಲು ದಪ್ಪ ರಟ್ಟಿನಲ್ಲಿ ಅದೇ ಅಳತೆಯ ಚಕ್ರ ಕತ್ತರಿಸಿ ಇಟ್ಟು ನೋಡಿ. ಮುಂದಿನ ಕ್ರಾಸ್ ಮೆಂಬರಿಗೋ ರೇಡಿಯೇಟರಿನ ತಳಕ್ಕೋ ತಗಲುವುದಿದ್ದರೆ ಆಗಲೇ ತಿಳಿಯುತ್ತದೆ.

ಹೊಸ ಬೆಲ್ಟ್ ಒಂದೇ: ಕ್ರ್ಯಾಂಕಿನಿಂದ ಕಂಪ್ರೆಸರಿಗೆ, ಅಲ್ಲಿಂದ 12 ವೋಲ್ಟ್ ಆಲ್ಟರ್ನೇಟರಿಗೆ. ಆಲ್ಟರ್ನೇಟರನ್ನು ಉದ್ದ ತೂತಿನ ಪಟ್ಟಿಯ ಮೇಲೆ ಕೂರಿಸಿದರೆ ಬೆಲ್ಟ್ ಬಿಗಿಯುವ ಕೆಲಸವೂ ಅದರಿಂದಲೇ ಆಗುತ್ತದೆ. ಸಣ್ಣ ಕಾರಿನ 45ರಿಂದ 60 ಆಂಪಿನ, ರೆಗ್ಯುಲೇಟರ್ ಒಳಗೇ ಇರುವ ಆಲ್ಟರ್ನೇಟರ್ ಸಾಕು. 65 ಮಿ.ಮೀ. ಪುಲ್ಲಿಯಿದ್ದರೆ ಎಂಜಿನ್ 700ರಲ್ಲಿ ಅದು 1900 ದಾಟುತ್ತದೆ. 500ರಲ್ಲಿ ಮಾತ್ರ 1400ರ ಕೆಳಗೇ ಉಳಿಯುವುದರಿಂದ ಎ.ಸಿ. ಬ್ಯಾಟರಿಯನ್ನು ತಿನ್ನುತ್ತದೆ. ಆದ್ದರಿಂದ ಎ.ಸಿ. ಹಾಕಿದಾಗ ಕಾರ್ಬುರೇಟರಿನ ಕಡ್ಡಿಯನ್ನು ತುಸು ತಳ್ಳಿ ಐಡ್ಲಿಂಗ್ ಏರಿಸುವ ಸೊಲೆನಾಯ್ಡ್ ಬೇಕೇ ಬೇಕು. ಕಂಪ್ರೆಸರ್ ಕ್ಲಚ್ಚಿನ ವೈರಿಗೇ ಅದನ್ನು ಸೇರಿಸಿ.

ಬ್ರ್ಯಾಕೆಟ್ಟಿಗೆ 10 ಮಿ.ಮೀ. ಉಕ್ಕಿನ ತಗಡು. ಒಂದೇ ಮುಖಕ್ಕೆ ಕಟ್ಟಿದರೆ ನಡುಗಿ ಬಿರುಕು ಬಿಡುತ್ತದೆ, ಎರಡು ಮುಖಗಳಲ್ಲಿ ಹಿಡಿತವಿರಲಿ. ಹೆಡ್ ಬೋಲ್ಟ್ ಒಂದೆರಡನ್ನು ಬಳಸಿಕೊಳ್ಳುವುದಾದರೆ ಉದ್ದದ ಸ್ಟಡ್ ಹಾಕಿ, ನೀರಿನ ಜಾಕೆಟ್ಟಿಗೆ ಇಳಿಯುವ ತೂತಾದರೆ ಎಳೆಗಳಿಗೆ ಸೀಲೆಂಟ್ ಬಳಿಯಿರಿ. ಎಂಜಿನ್ ಒಮ್ಮೆ ಕಾದು ತಣಿದ ಮೇಲೆ ಮತ್ತೆ ಟಾರ್ಕ್ ನೋಡಿ. ಈ ಗಾಡಿಗಳ ಎಂಜಿನ್ ಮೆತ್ತನೆಯ ರಬ್ಬರಿನ ಮೇಲೆ ತೂಗುತ್ತಿರುತ್ತದೆ, ಗೇರು ಬಿಡುವಾಗ ಕಣ್ಣಿಗೆ ಕಾಣುವಷ್ಟು ಹೊರಳುತ್ತದೆ. ಕಂಪ್ರೆಸರ್ ಎಂಜಿನ್ನಿಗೇ ಕಟ್ಟಿರಬೇಕು, ಯಾವ ಪಟ್ಟಿಯೂ ಷಾಸಿಗೆ ಮುಟ್ಟಬಾರದು. ಸುತ್ತ 25 ಮಿ.ಮೀ. ಜಾಗ, ಹೋಸುಗಳಲ್ಲಿ ಸಡಿಲ. ಮೂರೂ ಪುಲ್ಲಿಗಳ ಮುಖಕ್ಕೆ ನೇರಪಟ್ಟಿ ಇಟ್ಟಾಗ ಒಂದು ಮಿಲಿಮೀಟರಿಗಿಂತ ಹೆಚ್ಚು ಓರೆ ಕಾಣಬಾರದು. ಕ್ಲಚ್ ಹಿಡಿದಾಗ ಬೆಲ್ಟ್ ಕಿರುಚಿದರೆ ಜನ ಬೆಲ್ಟನ್ನು ಇನ್ನೂ ಬಿಗಿಯುತ್ತಾರೆ. ಹತ್ತರಲ್ಲಿ ಎಂಟು ಸಲ ತಪ್ಪು ಈ ಓರೆಯದು.

ಒಂದೇ ಬಾಡಿ, ಎರಡು ಬ್ಯಾಟರಿ

ಇಲ್ಲಿ ಎಲೆಕ್ಟ್ರಿಷಿಯನ್ನರೂ ಗಲಿಬಿಲಿಯಾಗುತ್ತಾರೆ. 6 ವೋಲ್ಟಿನ ಪ್ಲಸ್ ಬಾಡಿಗಿದೆ, 12 ವೋಲ್ಟಿನ ಮೈನಸ್ಸನ್ನೂ ಅದೇ ಬಾಡಿಗೆ ಕೊಟ್ಟರೆ ಶಾರ್ಟ್ ಆಗುವುದಿಲ್ಲವೇ? ಆಗುವುದಿಲ್ಲ. ಎರಡು ಬ್ಯಾಟರಿಗಳಿಗೆ ಒಂದೇ ಒಂದು ತುದಿ ಕೂಡಿದರೆ ಕರೆಂಟು ಸುತ್ತುವ ದಾರಿಯಿಲ್ಲ. ಹಾಗಾಗಿ ಮೈ ಮೈನಸ್ ಆಗಿರುವ ಮಾಮೂಲಿ ಆಲ್ಟರ್ನೇಟರ್, ಮಾಮೂಲಿ ಕ್ಲಚ್, ಮಾಮೂಲಿ ಬ್ಲೋಯರ್ ಎಲ್ಲವನ್ನೂ ನೇರ ಬೋಲ್ಟ್ ಮಾಡಬಹುದು.

ಅಪಾಯ ಇನ್ನೊಂದು ಕಡೆಯಿದೆ. ಬಾಡಿಯಿಂದ ಅಳೆದರೆ ಹಳೆಯ ಕರೆಂಟು ವೈರು ಮೈನಸ್ 6, ಹೊಸದು ಪ್ಲಸ್ 12. ಎರಡರ ನಡುವೆ 18 ವೋಲ್ಟ್, ಎರಡೂ ಚಾರ್ಜ್ ಆಗುತ್ತಿರುವಾಗ 21 ದಾಟುತ್ತದೆ. ಹಳೆಯ ಬಟ್ಟೆಹೊದಿಕೆಯ ವೈರಿನ ಗೊಂಚಲಿಗೆ ಹೊಸ ವೈರು ಕಟ್ಟಿ, ಅಲ್ಲೆಲ್ಲೋ ಹೊದಿಕೆ ಉದುರಿ ಎರಡೂ ತಗುಲಿದರೆ ಬೆಂಕಿಯೇ. ಹೊಸ ವೈರಿಂಗ್ ಫೈರ್‌ವಾಲಿನ ಇನ್ನೊಂದು ಪಕ್ಕದಿಂದ ಹೋಗಲಿ, ಬೇರೆ ಬಣ್ಣದ ಕೊಳವೆಯಲ್ಲಿ ಹೋಗಲಿ. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಜಂಪರ್ ಕೇಬಲ್ ಕೊಡಲೇಬಾರದೆಂದು ಬ್ಯಾಟರಿಯ ಮೇಲೆಯೇ ಚೀಟಿ ಅಂಟಿಸಿ. ದಾರಿಯಲ್ಲಿ ಗಾಡಿ ನಿಂತಾಗ ನೆರವಿಗೆ ಬರುವವರಿಗೆ ಇದು ತಿಳಿದಿರುವುದಿಲ್ಲ. ಶೆವರ್ಲೆಯಲ್ಲಿ ಎರಡೂ ಮೈನಸ್ ಬಾಡಿಗೇ ಬರುವುದರಿಂದ ಅಂತರ 6 ವೋಲ್ಟ್ ಅಷ್ಟೇ, ಎಚ್ಚರ ಮಾತ್ರ ಅದೇ.

ಅರ್ತಿನ ಪಟ್ಟಿಗಳನ್ನು ಹೊಸದು ಮಾಡಿ: ಎಂಜಿನ್ನಿನಿಂದ ಷಾಸಿಗೊಂದು, ಷಾಸಿಯಿಂದ ಬಾಡಿಗೊಂದು, ಬಣ್ಣ ಕೆರೆದು ಲೋಹ ಕಂಡ ಕಡೆ. 6 ವೋಲ್ಟಿನ ಸೆಲ್ಫ್ (ಎಂಜಿನ್ ಚಾಲೂ ಮಾಡುವ ಮೋಟಾರು) ನೂರಾರು ಆಂಪ್ ಎಳೆಯುತ್ತದೆ. ಅದರ ಪಟ್ಟಿ ಸಡಿಲವಿದ್ದರೆ ಆ ಕರೆಂಟು ಎ.ಸಿ.ಯ ಸಣ್ಣ ಅರ್ತ್ ವೈರುಗಳಲ್ಲಿ ದಾರಿ ಹುಡುಕಿ ಅವನ್ನು ಸುಡುತ್ತದೆ.

12 ವೋಲ್ಟ್ ಬ್ಯಾಟರಿ 35 ಎಎಚ್‌ನದು ಸಾಕು, ಅದು ಸೆಲ್ಫ್ ಹೊಡೆಯಬೇಕಾಗಿಲ್ಲ. ಡಿಕ್ಕಿಯಲ್ಲಿ, ಗಾಳಿಕೊಳವೆ ಹೊರಗೆ ಬಿಟ್ಟ ಪೆಟ್ಟಿಗೆಯಲ್ಲಿ ಇಡಿ. ಆಲ್ಟರ್ನೇಟರಿಗೆ 10 ಚದರ ಮಿ.ಮೀ. ವೈರು, ಬ್ಯಾಟರಿಯಿಂದ ಒಂದು ಗೇಣಿನೊಳಗೆ 60 ಆಂಪ್ ಫ್ಯೂಸ್. ಫ್ಯಾನಿಗೂ ಬ್ಲೋಯರಿಗೂ 4 ಚದರ ಮಿ.ಮೀ. ವೈರು, ತಲಾ 20 ಆಂಪ್ ಫ್ಯೂಸ್, ಬೇರೆ ಬೇರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್). ಕ್ಲಚ್ಚಿಗೆ 1.5 ಚದರ ಮಿ.ಮೀ., 7.5 ಆಂಪ್.

ಕೀಲಿ ತಿರುಗಿಸಿದಾಗ ಈ ಬೇರೆ ಲೋಕಕ್ಕೆ ಸುದ್ದಿ ಮುಟ್ಟಿಸುವುದು 6 ವೋಲ್ಟ್ ಕಾಯಿಲಿನ ಒಂದು ರಿಲೇ. ಕಾಯಿಲಿನ ಒಂದು ತುದಿ ಇಗ್ನಿಷನ್ ವೈರಿಗೆ, ಇನ್ನೊಂದು ಬಾಡಿಗೆ. ಅದರ ಕಾಂಟ್ಯಾಕ್ಟುಗಳು ಹೊಸ 12 ವೋಲ್ಟನ್ನು ತೆರೆದು ಮುಚ್ಚುತ್ತವೆ. ಎರಡು ಲೋಕಗಳ ನಡುವೆ ಸಂಬಂಧ ಇಷ್ಟೇ ಇರಬೇಕು. ಒಳಗೆ ಡಯೋಡ್ ಇರುವ ರಿಲೇ ತರಬೇಡಿ. ಮೈನಸ್ ಅರ್ತಿಗೆಂದು ಮಾಡಿದ ಆ ಡಯೋಡ್ ಇಲ್ಲಿ ತಿರುವಾಗಿ ಕೂತು, ಕೀಲಿ ಹಾಕಿದ ಕೂಡಲೇ ಶಾರ್ಟಾಗಿ ಹಳೆಯ ಇಗ್ನಿಷನ್ ವೈರನ್ನು ಸುಡುತ್ತದೆ.

ಈ ರಿಲೇ ದಾಟಿದ 12 ವೋಲ್ಟ್ ಎರಡು ಕಡೆ ಹೋಗುತ್ತದೆ. ಒಂದು, 2 ವ್ಯಾಟಿನ ಬಲ್ಬಿನ ಮೂಲಕ ಆಲ್ಟರ್ನೇಟರಿನ ವಾರ್ನಿಂಗ್ ಲ್ಯಾಂಪಿನ ತುದಿಗೆ. ಆ ಬಲ್ಬಿನ ಬದಲು ಎಲ್‌ಇಡಿ ಹಾಕಿದರೆ ಆಲ್ಟರ್ನೇಟರ್ ಎಚ್ಚರವಾಗಲು ಬೇಕಾದಷ್ಟು ಕರೆಂಟು ಹೋಗುವುದಿಲ್ಲ. ಎರಡು, ಎ.ಸಿ. ಸ್ವಿಚ್ಚಿಗೆ, ಅಲ್ಲಿಂದ ಥರ್ಮೋಸ್ಟಾಟ್, ಪ್ರೆಷರ್ ಸ್ವಿಚ್, ಕೊನೆಗೆ ಕ್ಲಚ್ಚಿನ ರಿಲೇ. ಪ್ರೆಷರ್ ಸ್ವಿಚ್ ಮೂರು ಕೆಲಸದ್ದಾಗಿರಲಿ: ಗ್ಯಾಸ್ ಸೋರಿ ಒತ್ತಡ 30 ಪಿಎಸ್‌ಐಗಿಂತ ಇಳಿದರೆ ಕ್ಲಚ್ ಬಿಡುವುದು, 400ರ ಹತ್ತಿರ ಏರಿದರೂ ಬಿಡುವುದು, 230ರ ಆಸುಪಾಸಿನಲ್ಲಿ ಫ್ಯಾನ್ ಹಾಕುವುದು. ಕ್ಲಚ್ ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್, ಬಿಳಿಗೆರೆ ಪ್ಲಸ್ ಕಡೆಗೆ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಡ್ಯಾಶ್‌ಬೋರ್ಡಿನಲ್ಲೇ ಇದೆ. ಗಾಡಿಯ ಹಳೆಯ ಆಂಪ್‌ಮೀಟರ್ ನೋಡುತ್ತಾ ಎ.ಸಿ. ಹಾಕಿ. ಮುಳ್ಳು ಅಲುಗಬಾರದು. ಅಲುಗಿದರೆ ಎಲ್ಲೋ ಎರಡು ವೈರಿಂಗ್ ಬೆರೆತಿವೆ.

ಕಂಡೆನ್ಸರ್, ಕೂಲಿಂಗ್ ಕಾಯಿಲ್, ಗ್ಯಾಸ್

ಕಂಡೆನ್ಸರ್ ಪ್ಯಾರಲಲ್ ಫ್ಲೋ ಬಗೆಯದು, ಗ್ರಿಲ್ಲಿನ ಹಿಂದೆ ಹಿಡಿಸುವಷ್ಟು ದೊಡ್ಡದು. ರೇಡಿಯೇಟರಿನಿಂದ 10–15 ಮಿ.ಮೀ. ಅಂತರ ಬಿಡಿ, ಸುತ್ತಲಿನ ಸಂದನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿ. ಇಲ್ಲದಿದ್ದರೆ ಹಿಂದಿನ ಬಿಸಿಗಾಳಿ ಸುತ್ತಿ ಮತ್ತೆ ಮುಂದೆ ಬರುತ್ತದೆ. 12 ಇಂಚಿನ ಫ್ಯಾನ್ ಮುಂದಿನಿಂದ ತಳ್ಳುವಂತಿರಲಿ. ಅದು ಹಿಮ್ಮುಖ ತಿರುಗಿದರೂ ಗಾಳಿಯ ಸದ್ದು ಬರುತ್ತದೆ, ಆದ್ದರಿಂದ ಕಾಗದ ಹಿಡಿದು ದಿಕ್ಕು ನೋಡಿ.

ಗೇರು ಕಂಬದ ಮೇಲಿರುವುದರಿಂದ ಡ್ಯಾಶಿನ ಕೆಳಗೆ ನಡುವೆ ಜಾಗ ಧಾರಾಳ. ಕೂಲಿಂಗ್ ಕಾಯಿಲ್ ಪೆಟ್ಟಿಗೆ ಅಲ್ಲೇ ತೂಗಲಿ. ನೀರಿನ ಕೊಳವೆ ಕೆಳಮುಖವಾಗಿ ಇಳಿದು ಸೈಲೆನ್ಸರಿನಿಂದ ದೂರ ಬೀಳಲಿ. ಥರ್ಮೋಸ್ಟಾಟಿನ ತೆಳು ಕೊಳವೆ ಕಾಯಿಲಿನ ರೆಕ್ಕೆಗಳೊಳಗೆ 5 ಸೆಂ.ಮೀ. ಆದರೂ ಇಳಿದಿರಬೇಕು. ಹೊರಗೇ ಉಳಿದರೆ ಅರ್ಧ ಗಂಟೆಯಲ್ಲಿ ಕಾಯಿಲ್ ಮಂಜುಗಟ್ಟಿ ಗಾಳಿ ನಿಲ್ಲುತ್ತದೆ.

ಒಳಗಿನ ಹೊದಿಕೆಗೆ ಖರ್ಚು ಮಾಡಿದ ಹಣ ದೊಡ್ಡ ಕಂಪ್ರೆಸರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ತಂಪು ಕೊಡುತ್ತದೆ. ಫೈರ್‌ವಾಲ್, ನೆಲ, ಛಾವಣಿಗೆ ಬ್ಯುಟೈಲ್ ರಬ್ಬರಿನ ಹಾಳೆ, ಅದರ ಮೇಲೆ 6–10 ಮಿ.ಮೀ. ಫೋಮು. ಪೆಡಲ್ಲಿನ ತೂತು, ಸ್ಟೀರಿಂಗ್ ಕಂಬದ ತೂತು, ಮುಂದಿನ ಗಾಜಿನ ಬುಡದಲ್ಲಿ ಏಳುವ ಗಾಳಿಬಾಗಿಲಿನ ಗ್ಯಾಸ್ಕೆಟ್ಟು, ಇವುಗಳಿಂದ ಎಂಜಿನ್ನಿನ ಬಿಸಿ ನೇರ ಒಳಬರುತ್ತಿರುತ್ತದೆ.

ಹೋಸುಗಳು ಗ್ಯಾಸ್ ಸೋರದಂತೆ ಒಳಪದರವಿರುವ ಬ್ಯಾರಿಯರ್ ಬಗೆಯವು: ಕಂಪ್ರೆಸರಿಗೆ ಹಿಂದಿರುಗುವುದಕ್ಕೆ 10ನೇ ಸೈಜು, ಹೊರಡುವುದಕ್ಕೆ 8, ದ್ರವಕ್ಕೆ 6. ಗ್ಯಾಸಿನ ತೇವ ಹೀರುವ ಡ್ರೈಯರಿನ ಮುಚ್ಚಳವನ್ನು ಎಲ್ಲಕ್ಕೂ ಕೊನೆಯಲ್ಲಿ ಬಿಚ್ಚಿ ಕೂಡಿಸಿ, ತೆರೆದಿಟ್ಟರೆ ಗಾಳಿಯ ತೇವ ಕುಡಿಯುತ್ತದೆ. ಸೋರಿಕೆ ನೋಡಲು ಒಣ ನೈಟ್ರೋಜನ್ 150 ಪಿಎಸ್‌ಐ, ಅರ್ಧ ಗಂಟೆ. ಟಯರಿನ ಗಾಳಿ ಬೇಡ. ಅನಂತರ 45 ನಿಮಿಷ ವ್ಯಾಕ್ಯೂಮ್. ಬೆಂಗಳೂರಿನಲ್ಲಿ ಗೇಜು 27 ಇಂಚಿನ ಹತ್ತಿರ ನಿಂತುಬಿಡುತ್ತದೆ, 29 ಮುಟ್ಟಲಿಲ್ಲವೆಂದು ಪಂಪನ್ನು ಬೈಯಬೇಡಿ. ಇಲ್ಲಿನ ಗಾಳಿಯ ಒತ್ತಡವೇ ಅಷ್ಟು.

ಗ್ಯಾಸ್ ಆರ್134ಎ, ತೂಕ ಮಾಡಿಯೇ ತುಂಬಿ. ಮೊದಲು 500 ಗ್ರಾಂ, ಆಮೇಲೆ 50 ಗ್ರಾಮಿನಂತೆ. ಹೊರಗೆ 35 ಡಿಗ್ರಿಯಿದ್ದು ಎಂಜಿನ್ 1500ರಲ್ಲಿರುವಾಗ ಕಡಿಮೆ ಪಕ್ಕ 25–40, ಹೆಚ್ಚಿನ ಪಕ್ಕ 210–240 ಪಿಎಸ್‌ಐ ಬಂದಲ್ಲಿ ನಿಲ್ಲಿಸಿ. ಸಾಮಾನ್ಯವಾಗಿ 700ರಿಂದ 900 ಗ್ರಾಮಿನೊಳಗೆ ಮುಗಿಯುತ್ತದೆ. ಡ್ರೈಯರಿನ ಗಾಜಿನಲ್ಲಿ ಗುಳ್ಳೆ ಮಾಯವಾಗುವವರೆಗೆ ತುಂಬುವುದು ಆರ್12ರ ಕಾಲದ ರೂಢಿ. ಆರ್134ಎಗೆ ಹಾಗೆ ಮಾಡಿದರೆ ಹೆಚ್ಚಾಗಿ, ತಂಪು ಕಡಿಮೆಯಾಗುತ್ತದೆ.

ಆಮೇಲೆ ಬರುವ ತಂಟೆಗಳು

ಓಡುವಾಗ ತಂಪು, ನಿಂತಾಗ ಬಿಸಿ: ಐಡ್ಲಿಂಗಿನಲ್ಲಿಟ್ಟು ಕಂಡೆನ್ಸರಿಗೆ ನೀರು ಚಿಮುಕಿಸಿ. ಕೂಡಲೇ ತಂಪಾದರೆ ಗಾಳಿ ಸಾಲದು, ಫ್ಯಾನನ್ನೋ ರಬ್ಬರ್ ಪಟ್ಟಿಯನ್ನೋ ನೋಡಿ. ಏನೂ ಬದಲಾಗದಿದ್ದರೆ ಕಂಪ್ರೆಸರಿನ ಸುತ್ತು ಸಾಲದು, ಐಡ್ಲಿಂಗ್ ಸೊಲೆನಾಯ್ಡ್ ನೋಡಿ.

ಕ್ಲಚ್ ಜಾರಿ ಸುಟ್ಟ ವಾಸನೆ: ಕ್ಲಚ್ಚಿನ ತುದಿಯಲ್ಲಿ ಓಡುತ್ತಿರುವಾಗಲೇ ವೋಲ್ಟೇಜ್ ಅಳೆಯಿರಿ. 11ಕ್ಕಿಂತ ಕೆಳಗಿದ್ದರೆ ಅರ್ತ್ ಕೆಟ್ಟಿದೆ. ಸರಿಯಿದ್ದರೆ ಕ್ಲಚ್ಚಿನ ಗಾಳಿಸಂದು 0.4ರಿಂದ 0.8 ಮಿ.ಮೀ. ಒಳಗಿದೆಯೇ ಎಂದು ಫೀಲರ್ ಗೇಜ್ ಹಾಕಿ.

ಬಿಸಿಲಲ್ಲಿ ನಿಂತು ಮತ್ತೆ ಹೊರಟಾಗ ಎಂಜಿನ್ ಮುಕ್ಕರಿಸಿ ಆರಿದರೆ ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿದೆ. ಬಾನೆಟ್ಟಿನೊಳಗಿನ ಬಿಸಿ ಈಗ ಮೊದಲಿಗಿಂತ ಹೆಚ್ಚು. ಪೈಪನ್ನು ಮ್ಯಾನಿಫೋಲ್ಡಿನಿಂದ ದೂರ ಸರಿಸಿ, ಹೊದಿಕೆ ಹಾಕಿ, ಪಂಪಿಗೂ ಮ್ಯಾನಿಫೋಲ್ಡಿಗೂ ನಡುವೆ ತಗಡಿನ ಮರೆ ಕಟ್ಟಿ. ಪಂಪಿನ ಡಯಾಫ್ರಾಮ್ ಹಳೆಯ ರಬ್ಬರಿನದಾದರೆ ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಬಾಳುವುದಿಲ್ಲ, ಅದನ್ನೂ ಆಗಲೇ ಬದಲಿಸಿ. ಊರು ಮುಟ್ಟುವ ಎರಡು ನಿಮಿಷ ಮೊದಲೇ ಎ.ಸಿ. ಆರಿಸಿ ಓಡಿಸಿದರೆ ಎಂಜಿನ್ ತುಸು ತಣಿದು ನಿಲ್ಲುತ್ತದೆ, ನಿಲ್ಲಿಸಿದ ಮೇಲೆ ರೇಡಿಯೇಟರ್ ಉಕ್ಕುವುದು ತಪ್ಪುತ್ತದೆ.